ಕ್ರಿಸ್‌ಮಸ್ ಹಾಡನ್ನು ಪಂಕ್ ರಾಕ್‌ನಲ್ಲಿ ಹಾಡಿದರೆ ಅಪಚಾರ ಆಗುತ್ತಾ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರ ಕಡೆ. ಚರ್ಚಿನ ಯುವಕರ ತಂಡದಲ್ಲಿ ಆರು ಜನ ಇದ್ದೇವೆ. ಈ ಸಲ ಮನೆಮನೆಗೆ ಕ್ಯಾರಲ್ಸ್ (ಕ್ರಿಸ್‌ಮಸ್ ಹಾಡು) ಹಾಡಲು ಹೋಗುವಾಗ ಹಳೇ ಹಾಡುಗಳನ್ನೇ ಪಂಕ್ ರಾಕ್ ಧಾಟಿಯಲ್ಲಿ, ಅಂದರೆ ಗಿಟಾರ್, ಡ್ರಮ್ ಜೋರಾಗಿ ಬಾರಿಸಿ ವೇಗವಾಗಿ, ಹಾಡಬೇಕು ಅಂತ ಆಸೆ. ಹಿರಿಯರು ‘ದೇವರ ಹಾಡಿಗೆ ಅಪಚಾರ ಮಾಡಬೇಡಿ’ ಅನ್ನುತ್ತಿದ್ದಾರೆ. ನಿಜವಾಗಿ ಅದು ಅಪಚಾರವಾ? ಹೊರದೇಶದ ಬ್ಯಾಂಡ್‌ಗಳು ಯಾಕೆ ಹೀಗೆ ಹಾಡುತ್ತವೆ?

ಡಿಸೆಂಬರ್ ಹತ್ತಿರ ಬರುತ್ತಿದ್ದ ಹಾಗೆ ಈ ಪ್ರಶ್ನೆ ಯಾವುದೋ ಒಂದು ರೂಪದಲ್ಲಿ ನನ್ನ ಹತ್ತಿರ ಬಂದೇ ಬರುತ್ತದೆ. ಒಂದು ವರ್ಷ ವಿರಾಜಪೇಟೆಯಿಂದ, ಇನ್ನೊಂದು ವರ್ಷ ಸುಂಟಿಕೊಪ್ಪದಿಂದ. ಕೇಳುವವರು ಹೆಚ್ಚಾಗಿ ಗಿಟಾರ್ ಹಿಡಿದ ಹುಡುಗ ಹುಡುಗಿಯರು. ಕೆಲವೊಮ್ಮೆ ಅವರ ಅಮ್ಮಂದಿರು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಪಚಾರ ಅಲ್ಲ. ಆದರೆ ಒಂದು ಷರತ್ತು ಇದೆ. ಆ ಷರತ್ತನ್ನು ನನಗೆ ಹೇಳಿಕೊಟ್ಟವರು ಅಮ್ಮತ್ತಿ ಕಡೆಯ ಒಬ್ಬ ಹಿರಿಯರು.

ಕೆಲವು ವರ್ಷಗಳ ಹಿಂದಿನ ಮಾತು. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಒಂದು ತೋಟದ ಕಾಫಿ ಕಣದಲ್ಲಿ, ಟಾರ್ಪಾಲ್ ಮುಚ್ಚಿದ ರಾಶಿಯ ಪಕ್ಕ ನಿಂತು, ನಾವು ನಾಲ್ಕು ಜನ ‘ಜಾಯ್ ಟು ದಿ ವರ್ಲ್ಡ್’ ಹಾಡಿದೆವು. ಎರವಲು ತಂದ ಆಂಪ್ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ), ಪೂರ್ತಿ ಏರಿಸಿದ ಡಿಸ್ಟಾರ್ಷನ್ (ಗಿಟಾರ್ ದನಿಯನ್ನು ಒರಟು ಮಾಡುವುದು). ಒಂದೂವರೆ ನಿಮಿಷದಲ್ಲಿ ಹಾಡು ಮುಗಿಯಿತು. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳು ಕುಣಿದು ಕುಪ್ಪಳಿಸಿದರು. ವರ್ಷಗಟ್ಟಲೆ ಚರ್ಚಿನ ಕಾಯರ್‌ನಲ್ಲಿ (ಹಾಡುವ ತಂಡ) ಹಾಡಿದ್ದ ಅಂಕಲ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಅವರು ಮೆಲ್ಲಗೆ ಹೇಳಿದರು: ‘ಗಲಾಟೆ ಪರವಾಗಿಲ್ಲ ಮಗಾ. ಆದ್ರೆ ಯಾರು ಬಂದ್ರು ಅಂತಾನೇ ಕೇಳಿಸ್ಲಿಲ್ಲ.’

ಪ್ರಭು ಬಂದಿದ್ದಾನೆ ಅಂತ ಸಾರುವ ಹಾಡು ಅದು. ಬಂದವರು ಯಾರು ಅನ್ನುವ ಮಾತೇ ನಮ್ಮ ಗಿಟಾರ್ ಸದ್ದಿನಲ್ಲಿ ಮುಳುಗಿಹೋಗಿತ್ತು. ಅವತ್ತಿನಿಂದ ನನಗೆ ಅದೊಂದೇ ಅಳತೆ. ಮಾತು ಕೇಳಿಸಬೇಕು.

ಈಗ ಹೊರದೇಶದ ಕಥೆಗೆ ಬರೋಣ. ಪಂಕ್ ಹುಟ್ಟಿದ್ದು 1970ರ ದಶಕದ ನಡುವಿನಲ್ಲಿ, ನ್ಯೂಯಾರ್ಕ್ ಮತ್ತು ಲಂಡನ್‌ನಲ್ಲಿ. ಆಗ ರಾಕ್ ಹಾಡುಗಳು ಉದ್ದವಾಗುತ್ತಾ ಹೋಗಿದ್ದವು. ಹತ್ತು ನಿಮಿಷದ ಗಿಟಾರ್ ಸೋಲೋ, ರಾಶಿ ರಾಶಿ ಕೀಬೋರ್ಡ್. ಸಾಮಾನ್ಯ ಹುಡುಗರಿಗೆ ಅದು ಕೈಗೆಟುಕುವ ಸಂಗೀತವೇ ಅಲ್ಲ ಅನ್ನುವ ಹಾಗಾಗಿತ್ತು. ಅದಕ್ಕೆ ಉತ್ತರವಾಗಿ ಬಂದದ್ದು ಪಂಕ್. 1976ರಲ್ಲಿ ಬಂದ ರಮೋನ್ಸ್ ತಂಡದ ಮೊದಲ ಆಲ್ಬಮ್‌ನಲ್ಲಿ 14 ಹಾಡು ಇವೆ. ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು, ವೇದಿಕೆ ಹತ್ತಿ ಹಾಡು. ಅದೇ ಪಂಕ್‌ನ ಜೀವ.

ಪಂಕ್‌ನವರಿಗೆ ಹಬ್ಬ ಅಂದರೆ ಆಗದು ಅಂತ ಬಹಳ ಜನ ತಿಳಿದಿದ್ದಾರೆ. ಅವರಿಗೆ ನಾನು ಹೇಳುವುದು 1977ರ ಡಿಸೆಂಬರ್ 25ರ ಕಥೆ. ಸೆಕ್ಸ್ ಪಿಸ್ಟಲ್ಸ್ ಅನ್ನುವ ಇಂಗ್ಲಿಷ್ ಬ್ಯಾಂಡ್ ಅಷ್ಟು ಹೊತ್ತಿಗೆ ಟಿವಿಯಲ್ಲಿ ಬೈಗುಳ ಆಡಿ ಇಡೀ ದೇಶದ ಸಿಟ್ಟಿಗೆ ಗುರಿಯಾಗಿತ್ತು. ಎಷ್ಟೋ ಊರುಗಳಲ್ಲಿ ಅವರ ಕಾರ್ಯಕ್ರಮ ರದ್ದಾಗಿತ್ತು. ಆಗ ಇಂಗ್ಲೆಂಡಿನಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಮುಷ್ಕರ ನಡೆಯುತ್ತಿತ್ತು. ಹಡರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಆ ನೌಕರರ ಮಕ್ಕಳಿಗಾಗಿ ಕ್ರಿಸ್‌ಮಸ್ ದಿನ ಮಧ್ಯಾಹ್ನ ಇದೇ ಬ್ಯಾಂಡ್ ಪಾರ್ಟಿ ಮಾಡಿತು. ಉಡುಗೊರೆ ಹಂಚಿದರು, ಕೇಕ್ ತಂದರು, ಹಾಡಿದರು. ಮಕ್ಕಳು ಆ ಕೇಕನ್ನು ಗಾಯಕನ ಮುಖಕ್ಕೆ ಮೆತ್ತಿದರು. ಅದೇ ದಿನ ರಾತ್ರಿ ದೊಡ್ಡವರಿಗೆ ಇನ್ನೊಂದು ಕಾರ್ಯಕ್ರಮ. ಮುಂದಿನ ತಿಂಗಳು ಬ್ಯಾಂಡ್ ಒಡೆಯಿತು. ಅವರು ಅವತ್ತು ಕ್ಯಾರಲ್ ಹಾಡಲಿಲ್ಲ, ನಿಜ. ಆದರೆ ಸಂಬಳ ಇಲ್ಲದ ಮನೆಯ ಮಕ್ಕಳ ಹಬ್ಬ ತಪ್ಪದ ಹಾಗೆ ನೋಡಿಕೊಂಡರು. ಕ್ರಿಸ್‌ಮಸ್ ಅಂದರೆ ಅದೇ ತಾನೇ?

ಕ್ಯಾರಲ್‌ಗಳನ್ನೇ ಪಂಕ್ ಮಾಡುವುದೂ ಆಗಲೇ ಶುರುವಾಯಿತು. 1978ರಲ್ಲಿ ದಿ ಡಿಕೀಸ್ ಎಂಬ ಲಾಸ್ ಏಂಜಲೀಸ್ ತಂಡ ‘ಸೈಲೆಂಟ್ ನೈಟ್’ ಹಾಡನ್ನು ಓಡುವ ವೇಗದಲ್ಲಿ ನುಡಿಸಿ ಬಿಳಿ ಬಣ್ಣದ ಗ್ರಾಮಫೋನ್ ರೆಕಾರ್ಡ್ ಮಾಡಿ ಬಿಟ್ಟಿತು. ಜರ್ಮನಿಯ ಡೀ ಟೋಟೆನ್ ಹೋಸೆನ್ ತಂಡ 1998ರಲ್ಲಿ ಬೇರೆ ಹೆಸರಿಟ್ಟುಕೊಂಡು ಒಂದು ಇಡೀ ಕ್ರಿಸ್‌ಮಸ್ ಆಲ್ಬಮ್ ತಂದಿತು. ರಿಲಯಂಟ್ ಕೆ ಎಂಬ ಅಮೆರಿಕದ ಕ್ರೈಸ್ತ ಪಾಪ್ ಪಂಕ್ ತಂಡ 2003ರಲ್ಲಿ ತಂದಿತು. ಹಾಡುವವರಲ್ಲಿ ಭಕ್ತರೂ ಇದ್ದಾರೆ, ಅಲ್ಲದವರೂ ಇದ್ದಾರೆ.

ಎಲ್ಲಕ್ಕಿಂತ ಜಾಸ್ತಿ ಚರ್ಚೆಯಾದದ್ದು ಬ್ಯಾಡ್ ರಿಲಿಜನ್ ತಂಡದ 2013ರ ಆಲ್ಬಮ್. ಹೆಸರೇ ಹೇಳುವ ಹಾಗೆ, ಧರ್ಮವನ್ನು ಪ್ರಶ್ನೆ ಮಾಡುತ್ತಲೇ ಬೆಳೆದ ತಂಡ ಅದು. 1980ರಿಂದ ಇದೆ. ಅವರ ಗುರುತೇ ಶಿಲುಬೆಯ ಮೇಲೆ ಎಳೆದ ಅಡ್ಡಗೆರೆ. ಗಾಯಕ ಗ್ರೆಗ್ ಗ್ರಾಫಿನ್ ಜೀವವಿಕಾಸದ ವಿಷಯದಲ್ಲಿ ಡಾಕ್ಟರೇಟ್ ಪಡೆದವರು. ಇಂಥವರು ಕ್ರಿಸ್‌ಮಸ್ ಹಾಡು ಹಾಡುತ್ತಾರೆ ಅಂದಾಗ ಎಲ್ಲರೂ ಗೇಲಿಯನ್ನೇ ನಿರೀಕ್ಷಿಸಿದರು. ಗೇಲಿ ಇರಲಿಲ್ಲ. ‘ಹಾರ್ಕ್ ದಿ ಹೆರಾಲ್ಡ್ ಏಂಜಲ್ಸ್ ಸಿಂಗ್’, ‘ಓ ಕಮ್ ಆಲ್ ಯೀ ಫೇತ್‌ಫುಲ್’ ಮುಂತಾದ ಹಾಡುಗಳನ್ನು ನೆಟ್ಟಗೆ ಹಾಡಿದರು. ಮೇಲಿನ ದನಿಗಳು ಕಾಯರ್ ಹಾಗೇ ಜೋಡಿಸಿಕೊಂಡಿವೆ. ಒಂದೊಂದು ಅಕ್ಷರವೂ ಕಿವಿಗೆ ಬೀಳುತ್ತದೆ. ಆಲ್ಬಮ್‌ನಿಂದ ಬಂದ ಹಣದಲ್ಲಿ ಶೇಕಡ 20ನ್ನು, ಪಾದ್ರಿಗಳಿಂದ ದೌರ್ಜನ್ಯಕ್ಕೆ ಒಳಗಾದವರ ಸಂಘಟನೆಗೆ ಕೊಟ್ಟರು. ಅದು ಕೆಲವರಿಗೆ ನೋವು ತಂದಿರಬಹುದು. ನನಗೆ ಅದು ಪ್ರಾಮಾಣಿಕ ಕೆಲಸ ಅನ್ನಿಸಿತು. ಹಾಡನ್ನು ಗೌರವಿಸಿದರು, ತಮ್ಮ ಪ್ರಶ್ನೆಯನ್ನೂ ಬಿಟ್ಟುಕೊಡಲಿಲ್ಲ.

ಇನ್ನು ಹಿರಿಯರ ಮಾತು. ‘ದೇವರ ಹಾಡಿನ ಧಾಟಿ ಬದಲಾಯಿಸಬಾರದು’ ಅನ್ನುತ್ತಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಹಾಡುಗಳ ಹುಟ್ಟನ್ನು ನೋಡಿದರೆ, ಧಾಟಿ ಬದಲಾಗದ ಹಾಡು ಸಿಗುವುದೇ ಕಷ್ಟ.

ನಮ್ಮ ಭಜನೆ ಪುಸ್ತಕಗಳಲ್ಲಿ ಹಾಡಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಇಂಥ ಹಾಡಿನ ಧಾಟಿ’ ಅಂತ ಅಚ್ಚಾಗಿರುತ್ತದೆ. ನಾಟಕದ್ದೋ ಸಿನಿಮಾದ್ದೋ ಮಟ್ಟು, ಮಾತು ಮಾತ್ರ ದೇವರದು. ಇಂಗ್ಲೆಂಡಿನವರೂ ಅದನ್ನೇ ಮಾಡಿದರು. ‘ವಾಟ್ ಚೈಲ್ಡ್ ಈಸ್ ದಿಸ್’ ಹಾಡಿನ ಮಾತು 1865ರ ಹೊತ್ತಿನದು. ಮಟ್ಟು ಮಾತ್ರ ‘ಗ್ರೀನ್‌ಸ್ಲೀವ್ಸ್’ ಎಂಬ ಪ್ರೇಮಗೀತೆಯದು, ಅದು ಹದಿನಾರನೇ ಶತಮಾನದ್ದು. ಕೈಬಿಟ್ಟು ಹೋದ ಪ್ರೇಯಸಿಯನ್ನು ಕುರಿತು ಕೊರಗುವ ಹಾಡು ಇವತ್ತು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆ) ಮುಂದೆ ನಿಂತಿದೆ.

‘ಹಾರ್ಕ್ ದಿ ಹೆರಾಲ್ಡ್’ ಕಥೆ ಇನ್ನೂ ಚೆನ್ನಾಗಿದೆ. ಇಂಗ್ಲೆಂಡಿನ ಭಕ್ತಿಗೀತೆಗಳ ಕವಿ ಚಾರ್ಲ್ಸ್ ವೆಸ್ಲಿ ಇದನ್ನು ಬರೆದದ್ದು 1739ರಲ್ಲಿ. ಅವರಿಗೆ ಬೇಕಾಗಿದ್ದದ್ದು ನಿಧಾನವಾದ, ಗಂಭೀರವಾದ ರಾಗ. ಅವರು ಬರೆದ ಮೊದಲ ಸಾಲು ಕೂಡ ಬೇರೆ ಇತ್ತು. ಅದನ್ನು ಬದಲಾಯಿಸಿದ್ದು ಜಾರ್ಜ್ ವೈಟ್‌ಫೀಲ್ಡ್ ಎಂಬ ಪಾದ್ರಿ. ನೂರು ವರ್ಷ ಕಳೆದ ಮೇಲೆ, 1840ರಲ್ಲಿ, ಜರ್ಮನಿಯ ಸಂಗೀತಗಾರ ಮೆಂಡೆಲ್ಸನ್ ಲೈಪ್ಸಿಗ್‌ನಲ್ಲಿ ಒಂದು ಉತ್ಸವಕ್ಕೆ ಸಂಗೀತ ಮಾಡಿದರು. ಅದು ಗುಟೆನ್‌ಬರ್ಗ್‌ನ ಮುದ್ರಣಕಲೆಯ 400ನೇ ವರ್ಷದ ನೆನಪಿನ ಉತ್ಸವ. ಆ ಸಂಗೀತಕ್ಕೆ ಇಂಗ್ಲಿಷ್ ಮಾತು ಹಾಕುವ ವಿಚಾರ ಬಂದಾಗ ಮೆಂಡೆಲ್ಸನ್ ತಾವೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಸೈನಿಕರ ಉತ್ಸಾಹದ ಮಾತು ಇದಕ್ಕೆ ಹೊಂದುತ್ತದೆ, ದೇವರ ಮಾತು ಮಾತ್ರ ಹೊಂದುವುದಿಲ್ಲ ಅಂತ. 1855ರಲ್ಲಿ ಕಮಿಂಗ್ಸ್ ಎಂಬ ಸಂಗೀತಗಾರ ದೇವರ ಮಾತನ್ನೇ ಅದಕ್ಕೆ ಜೋಡಿಸಿದರು. ಬರೆದವರಿಗೆ ನಿಧಾನ ಬೇಕಿತ್ತು, ರಾಗ ಮಾಡಿದವರಿಗೆ ದೇವರ ಮಾತು ಬೇಡವಾಗಿತ್ತು. ಇಬ್ಬರ ಇಷ್ಟಕ್ಕೂ ವಿರುದ್ಧವಾಗಿ ಹುಟ್ಟಿದ ಹಾಡನ್ನು ನಾವು ಈಗ ‘ಸಾಂಪ್ರದಾಯಿಕ’ ಅನ್ನುತ್ತೇವೆ.

ಒಂದು ಕಾಲದಲ್ಲಿ ಹಬ್ಬವೇ ಅಪಚಾರ ಅನ್ನಿಸಿಕೊಂಡಿತ್ತು. ಕುಡಿತ, ಕುಣಿತ, ಮನೆಮನೆಗೆ ಹೋಗಿ ಗದ್ದಲ ಮಾಡುವುದು, ಇವೆಲ್ಲ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪಂಗಡಕ್ಕೆ ಸಹಿಸಲಾಗಲಿಲ್ಲ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕ್ರಿಸ್‌ಮಸ್ ಆಚರಣೆಯನ್ನೇ ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಇತ್ತು. ಆಮೇಲೂ ಮನೆಮನೆಗೆ ಹೋಗಿ ಹಾಡುವುದು ಬದುಕಿತು. ‘ವಿ ವಿಶ್ ಯು ಎ ಮೆರ್ರಿ ಕ್ರಿಸ್‌ಮಸ್’ ಹಾಡಿನ ಮುಂದಿನ ಸಾಲುಗಳನ್ನು ಗಮನವಿಟ್ಟು ಕೇಳಿ. ತಿಂಡಿ ಕೊಡಿ, ಕೊಡದೆ ಇಲ್ಲಿಂದ ಕದಲುವುದಿಲ್ಲ ಅಂತ ಬಾಗಿಲಲ್ಲಿ ನಿಂತು ಹಟ ಹಿಡಿಯುವ ಹಾಡು ಅದು. ಬೀದಿಯ ಹಾಡು.

ಮನೆಮನೆಗೆ ಹೋಗಿ ಹಾಡುವುದು ನಮಗೆ ಹೊಸದಲ್ಲವಲ್ಲ. ಕೊಡಗಿನ ಸುಗ್ಗಿಹಬ್ಬ ಹುತ್ತರಿ ಮುಗಿದ ಮೇಲೆ ದುಡಿ (ಸಣ್ಣ ಚರ್ಮವಾದ್ಯ) ಹಿಡಿದು ಮನೆ ಮನೆಗೆ ಬರುವ ಹಾಡುಗಾರರನ್ನು ನೋಡಿ ಬೆಳೆದವರು ನಾವು. ಹುತ್ತರಿಯ ಹುಣ್ಣಿಮೆ ಕಳೆದು ಕೆಲವೇ ವಾರಕ್ಕೆ ಕ್ಯಾರಲ್ಸ್ ಜೀಪು ಅದೇ ದಾರಿಯಲ್ಲಿ ಬರುತ್ತದೆ. ಕೊಡಗಿನ ಹೊರಗಿನವರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ.

ದಕ್ಷಿಣ ಕೊಡಗಿನ ಕುಂಡೆ ಹಬ್ಬವನ್ನೂ ನಾನು ಇಲ್ಲಿ ನೆನೆಯಬೇಕು. ಮೇ ತಿಂಗಳಲ್ಲಿ ಜೇನು ಕುರುಬರು, ಯರವರು ವೇಷ ಹಾಕಿಕೊಂಡು ಬರುತ್ತಾರೆ. ಗಂಡಸರು ಹೆಂಗಸರ ಬಟ್ಟೆ ತೊಟ್ಟಿರುತ್ತಾರೆ. ಕೈಗೆ ಸಿಕ್ಕ ಡಬ್ಬ, ಸೋರೆಬುರುಡೆ ಬಡಿಯುತ್ತಾ ಗೋಣಿಕೊಪ್ಪ ಪೇಟೆಯಲ್ಲಿ ಬೈಗುಳದ ಹಾಡು ಹಾಡಿ ಕಾಸು ಕೇಳುತ್ತಾರೆ. ಕೊನೆಗೆ ದೇವರಪುರದ ದೇವಸ್ಥಾನಕ್ಕೆ ಹೋಗಿ ಕಾಣಿಕೆ ಒಪ್ಪಿಸುತ್ತಾರೆ. ಬೇಟೆಗೆ ಅಂತ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ನಮ್ಮನ್ನು ಕಾಡಿನಲ್ಲೇ ಬಿಟ್ಟುಹೋದ ಅನ್ನುವುದು ಅವರ ಕಥೆ. ಅದಕ್ಕೆ ಬೈಗುಳ. ಆ ಬೈಗುಳವೇ ಅವರ ಹರಕೆ. ಪೇಟೆಯಲ್ಲಿ ನಿಂತು ನಗುವವರು ಇದನ್ನು ಸುಮ್ನೆ ಗಲಾಟೆ ಅಂದುಕೊಳ್ಳುತ್ತಾರೆ. ದೇವರ ಮೇಲೆ ಹಕ್ಕಿದೆ ಅಂತ ನಂಬಿದವರು ಮಾತ್ರ ಹಾಗೆ ಬೈಯಲು ಸಾಧ್ಯ. ಜೋರಾದ ಸದ್ದು, ಒರಟಾದ ಮಾತು ಇದ್ದ ಕಡೆ ಭಕ್ತಿ ಇರುವುದಿಲ್ಲ ಅಂತ ಕೊಡಗಿನಲ್ಲಿ ಹುಟ್ಟಿದವರು ಹೇಳಬಾರದು.

ಸರಿ, ಕ್ಯಾರಲ್ ಪಂಕ್‌ಗೆ ಇಷ್ಟು ಸಲೀಸಾಗಿ ಹೊಂದುವುದು ಯಾಕೆ? ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಿಟಾರ್‌ನ ಮಾಮೂಲಿ ಕಾರ್ಡ್‌ನಲ್ಲಿ ಮೂರು ಸ್ವರ. ನಮ್ಮ ಲೆಕ್ಕದಲ್ಲಿ ಸ, ಗ, ಪ. ಇದರಲ್ಲಿ ಗ ದೊಡ್ಡದಾದರೆ, ಅಂದರೆ ತುಸು ಏರಿದರೆ, ಹಾಡು ಅರಳುತ್ತದೆ, ಚಿಕ್ಕದಾದರೆ, ಅಂದರೆ ತುಸು ಇಳಿದರೆ, ಬಾಡುತ್ತದೆ. ಪಂಕ್‌ನವರು ಆ ಗ ತೆಗೆದುಬಿಡುತ್ತಾರೆ. ಉಳಿಯುವುದು ಸ ಮತ್ತು ಪ. ಇದಕ್ಕೆ ಪವರ್ ಕಾರ್ಡ್ ಅನ್ನುತ್ತಾರೆ. ಡಿಸ್ಟಾರ್ಷನ್ ಹಾಕಿದಾಗ ಗ ಇದ್ದರೆ ಸದ್ದು ಕಲಸುಮೇಲೋಗರ ಆಗುತ್ತದೆ, ಸ ಪ ಮಾತ್ರ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಸ ಪ ಅಂದ ಕೂಡಲೇ ನಿಮಗೆ ಏನು ನೆನಪಾಯಿತು? ತಂಬೂರಿ ತಾನೇ. ತಂಬೂರಿಯ ಮೇಲೆ ಯಾವ ರಾಗವನ್ನಾದರೂ ಹಾಡಬಹುದು, ಯಾಕೆಂದರೆ ಅದು ಹಾಡುಗಾರನ ದಾರಿಗೆ ಅಡ್ಡ ಬರುವುದಿಲ್ಲ. ಪವರ್ ಕಾರ್ಡ್ ಮಾಡುವುದೂ ಅದನ್ನೇ, ಕಾರ್ಡ್ ಬದಲಾಗುತ್ತಾ ಹೋಗುತ್ತದೆ ಅಷ್ಟೆ. ಹಾಡು ಅರಳುವುದೋ ಬಾಡುವುದೋ ಅನ್ನುವುದನ್ನು ಗಿಟಾರ್ ಹೇಳುವುದಿಲ್ಲ. ಬಾಯಿ ಹೇಳುತ್ತದೆ.

ಕ್ಯಾರಲ್‌ನ ಬಲ ಇರುವುದೂ ಬಾಯಿಯಲ್ಲೇ. ‘ಜಾಯ್ ಟು ದಿ ವರ್ಲ್ಡ್’ ಮೊದಲ ಸಾಲನ್ನೇ ತೆಗೆದುಕೊಳ್ಳಿ. ಎಂಟು ಅಕ್ಷರ, ಎಂಟು ಸ್ವರ. ಮೇಲಿನ ಸ ಹಿಡಿದು ಸ ನಿ ದ ಪ ಮ ಗ ರಿ ಸ ಅಂತ ನೇರವಾಗಿ ಇಳಿಯುತ್ತದೆ. ಶಂಕರಾಭರಣದ ಅವರೋಹಣ! ಸಂಗೀತ ಪಾಠಕ್ಕೆ ಹೋಗುವ ಮಗು ಕೂಡ ಇದನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಇಂಥ ಮಟ್ಟಿನ ಕೆಳಗೆ ಎಷ್ಟು ಗುಡುಗಿದರೂ ಅದು ಕಳೆದುಹೋಗುವುದಿಲ್ಲ. ಜೊತೆಗೆ ಎಲ್ಲರಿಗೂ ಬಾಯಿಗೆ ಬರುತ್ತದೆ. ಪಂಕ್‌ನಲ್ಲಿ ಕೇಳುಗರೂ ಸೇರಿ ಕೂಗುವುದೇ ಮುಖ್ಯ. ಕ್ಯಾರಲ್‌ನಲ್ಲೂ ಹಾಗೆಯೇ, ಅಲ್ವಾ?

ನಾವು ಅಮ್ಮತ್ತಿಯಲ್ಲಿ ಮಾಡಿದ ತಪ್ಪು ಏನು ಅಂತ ಈಗ ಹೇಳಬಹುದು. ಡ್ರಮ್ ಜೊತೆಗೆ ಹಾಡನ್ನೂ ಓಡಿಸಿದೆವು. ಹಾಗೆ ಮಾಡಬಾರದು. ಡ್ರಮ್ ಎರಡನೇ ಕಾಲದಲ್ಲಿ ಹೋಗಲಿ, ದನಿ ಮೊದಲನೇ ಕಾಲದಲ್ಲೇ ಇರಲಿ. ಕೆಳಗೆ ನಿಮಿಷಕ್ಕೆ 180 ಪೆಟ್ಟು ಬೀಳುತ್ತಿದ್ದರೂ, ಮೇಲಿನ ಹಾಡು ಅದರ ಅರ್ಧದ ನಡಿಗೆಯಲ್ಲಿ ಹೋದರೆ ಪ್ರತಿ ಅಕ್ಷರಕ್ಕೂ ಜಾಗ ಸಿಗುತ್ತದೆ. ಕೇಳುವವರಿಗೆ ವೇಗವೂ ಸಿಗುತ್ತದೆ, ಮಾತೂ ಸಿಗುತ್ತದೆ. ಗಿಟಾರನ್ನು ದನಿಗಿಂತ ಒಂದು ಮೆಟ್ಟಿಲು ಕೆಳಗಿಡಿ. ಆಮೇಲೆ ನಾವು ಹೀಗೆ ಅಭ್ಯಾಸ ಮಾಡಿದಾಗ, ಅದೇ ಹಾಡು ಒಂದೂವರೆ ನಿಮಿಷ ಇದ್ದದ್ದು ಎರಡೂವರೆ ಆಯಿತು. ಯಾರಿಗೂ ಉದ್ದ ಅನ್ನಿಸಲಿಲ್ಲ.

ಮೂರರ ನಡೆಯ ಹಾಡುಗಳಲ್ಲಿ ಹುಷಾರು. ‘ಸೈಲೆಂಟ್ ನೈಟ್’, ‘ವಾಟ್ ಚೈಲ್ಡ್ ಈಸ್ ದಿಸ್’ ತೊಟ್ಟಿಲು ತೂಗಿದ ಹಾಗೆ ಹೋಗುತ್ತವೆ. ಅದನ್ನು ಪಂಕ್‌ನ ನಾಲ್ಕರ ನಡೆಗೆ ತರುವಾಗ ಯಾವ ಅಕ್ಷರ ಎಳೆಯಬೇಕು, ಯಾವುದು ಮೊಟಕು ಮಾಡಬೇಕು ಅಂತ ಮೊದಲೇ ಕೂತು ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಮಾತು ಮುರಿಯುತ್ತದೆ. ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮಾತು ಹಾಕಿ ಹಾಡುವವರು ಇನ್ನೂ ಜಾಸ್ತಿ ಗಮನ ಕೊಡಬೇಕು. ನಮ್ಮ ಭಾಷೆಗಳಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ.

ಎಲ್ಲಿ ಹಾಡಬೇಕು ಅನ್ನುವುದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ. ಚರ್ಚಿನ ಬಲಿಪೂಜೆಯ (ಮಾಸ್) ನಡುವೆ ಬೇಡ. ಅಲ್ಲಿ ಹಾಡು ಪ್ರಾರ್ಥನೆಯ ಒಂದು ಭಾಗ, ಅಲ್ಲಿ ಬಂದವರಲ್ಲಿ ಮೌನ ಬೇಕಾದವರೂ ಇರುತ್ತಾರೆ. ಚರ್ಚ್ ಅಂಗಳದ ಕಾರ್ಯಕ್ರಮ, ಲೈನ್ ಮನೆಗಳ ಮುಂದೆ, ಕಾಫಿ ಕಣದಲ್ಲಿ ಧಾರಾಳವಾಗಿ ಹಾಡಿ. ಫಾದರ್‌ಗೆ, ಹಳೇ ಕಾಯರ್‌ನವರಿಗೆ ಮೊದಲೇ ಒಮ್ಮೆ ಹಾಡಿ ಕೇಳಿಸಿ. ಅಭ್ಯಾಸಕ್ಕೆ ಅವರನ್ನೇ ಕರೆದು, ಎರಡನೇ ದನಿ ಹೇಳಿಕೊಡಿ ಅಂತ ಕೇಳಿ. ಬ್ಯಾಡ್ ರಿಲಿಜನ್ ಹಾಡುಗಳಲ್ಲಿ ಕೇಳುವ ಆ ಜೋಡುದನಿ ನಿಮ್ಮ ಊರಿನ ಆಂಟಿಯರಿಗೆ ಎಂದೋ ಗೊತ್ತಿದೆ.

ಧ್ವನಿವರ್ಧಕ ರಾತ್ರಿ 10ರ ಮೇಲೆ ಹಾಕುವ ಹಾಗಿಲ್ಲ, ಅದು ಕಾನೂನು. ಸಿದ್ದಾಪುರ ಕಡೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ. ಕತ್ತಲಾಗುವ ಮುಂಚೆ ತೋಟದ ಒಳಗಿನ ಮನೆಗಳನ್ನು ಮುಗಿಸಿ, ಆಮೇಲೆ ರಸ್ತೆ ಬದಿಯವು. ಕರೆಂಟ್ ಕೈಕೊಟ್ಟರೆ ಅಂತ ಒಂದು ಮರದ ಗಿಟಾರ್ ಜೀಪಿನಲ್ಲಿ ಇರಲಿ. ವಿಡಿಯೋ ಮಾಡಿ ಹಾಕುವುದಾದರೆ ಹಾಡಿನ ವಯಸ್ಸು ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಇರುತ್ತದೆ. ವೆಸ್ಲಿ, ಮೆಂಡೆಲ್ಸನ್ ಕಾಲದ ಹಾಡುಗಳಿಗೆ ತೊಂದರೆ ಇಲ್ಲ. ‘ವೈಟ್ ಕ್ರಿಸ್‌ಮಸ್’ ಬರೆದ ಅರ್ವಿಂಗ್ ಬರ್ಲಿನ್ ತೀರಿಕೊಂಡದ್ದು 1989ರಲ್ಲಿ, ಅದಕ್ಕೆ ಇನ್ನೂ ಹಕ್ಕಿದೆ. ಕನ್ನಡ ಅನುವಾದ ಇತ್ತೀಚಿನದಾದರೆ ಅನುವಾದ ಮಾಡಿದವರನ್ನು ಕೇಳಿ.

ಶುರು ಮಾಡುವುದು ‘ಜಾಯ್ ಟು ದಿ ವರ್ಲ್ಡ್’ನಿಂದ ಆಗಲಿ. ನಡುವೆ ‘ಹಾರ್ಕ್ ದಿ ಹೆರಾಲ್ಡ್’ ಇರಲಿ, ಅದು ಮೆರವಣಿಗೆಯ ಹಾಡು, ಪಂಕ್‌ಗೆ ಹೇಳಿ ಮಾಡಿಸಿದ ಹಾಗಿದೆ. ‘ಸೈಲೆಂಟ್ ನೈಟ್’ ಮಾತ್ರ ಕೊನೆಯ ಮನೆಗೆ ಇಟ್ಟುಕೊಳ್ಳಿ. ಡಿಕೀಸ್ ಅದನ್ನು ಓಡಿಸಿದ್ದು ನನಗೆ ಇಷ್ಟವೇ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಹೊತ್ತಿಗೆ ಆಂಪ್ ಆಫ್ ಮಾಡುತ್ತಿದ್ದೆ. ಎರಡು ದನಿ, ಒಂದು ಗಿಟಾರ್ ಸಾಕು. 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯದ ಒಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ, ಹಾಡು ಬರೆದ ಪಾದ್ರಿ ಯೋಸೆಫ್ ಮೋರ್ ಮತ್ತು ರಾಗ ಹಾಕಿದ ಶಾಲೆ ಮೇಷ್ಟ್ರು ಫ್ರಾಂಜ್ ಗ್ರೂಬರ್ ಅದನ್ನು ಮೊದಲ ಸಲ ಹಾಡಿದ್ದು ಹೀಗೇ. ಗಿಟಾರ್ ಜೊತೆಗೆ.